ಇಮೇಲ್ ಪ್ರೋಗ್ರಾಂ ತೆವಳುತ್ತಿದ್ದರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಇನ್‌ಬಾಕ್ಸ್ ಮೇಲೆ ಒತ್ತುತ್ತೀರಿ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತೀರಿ. ಕಿಟಕಿ ಬೆಳ್ಳಗಾಗಿ ತಲೆಯ ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಇಮೇಲ್ ಪ್ರೋಗ್ರಾಂ ಒಂದೇ ಒಂದೂವರೆ ಜಿಬಿ ಮೆಮೊರಿ ಹಿಡಿದು ಕೂತಿರುತ್ತದೆ. ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುವುದು, ಇಲ್ಲವೇ ಇನ್ನಷ್ಟು ರ‍್ಯಾಮ್ ಹಾಕಿಸುವುದು. ಮೊದಲನೆಯದರಿಂದ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ. ನಿಮ್ಮ ಮೇಲ್, ಸೆಟ್ಟಿಂಗ್, ಆಡ್-ಆನ್ (ಪ್ರೋಗ್ರಾಂಗೆ ಮೇಲಿಂದ ಸೇರಿಸಿಕೊಂಡ ಸಣ್ಣ ಸಲಕರಣೆ) ಎಲ್ಲ ಪ್ರೊಫೈಲ್ ಎಂಬ ಬೇರೆ ಫೋಲ್ಡರಿನಲ್ಲಿ ಇರುತ್ತವೆ. ಪ್ರೋಗ್ರಾಂ ತೆಗೆದರೂ ಅದು ಅಲ್ಲೇ ಉಳಿಯುತ್ತದೆ. ಹೊಸದಾಗಿ ಹಾಕಿದ ಪ್ರೋಗ್ರಾಂ ಹಳೇ ರೋಗವನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಎರಡನೆಯದಕ್ಕೆ ಸುಮ್ನೆ ದುಡ್ಡು ಖರ್ಚು.

ನಾನು ವರ್ಷಗಳಿಂದ ಥಂಡರ್‌ಬರ್ಡ್ ಎಂಬ ಇಮೇಲ್ ಪ್ರೋಗ್ರಾಂ ಬಳಸುತ್ತಿದ್ದೇನೆ. ಹಾಗಾಗಿ ಇಲ್ಲಿ ಹೇಳುವ ಮೆನುಗಳೆಲ್ಲ ಅದರವು. ಔಟ್‌ಲುಕ್ ಬಳಸುವವರಿಗೆ ಕೊನೆಯ ಕಡೆ ಬೇರೆಯೇ ಬರೆದಿದ್ದೇನೆ. ಆದರೆ ದೋಷ ಹಿಡಿಯುವ ದಾರಿ ಎರಡಕ್ಕೂ ಒಂದೇ. ಪ್ರೋಗ್ರಾಂ ಯಾವ ಗಳಿಗೆಯಲ್ಲಿ ನಿಲ್ಲುತ್ತದೆ ಎಂದು ಒಂದು ದಿನ ಗಮನಿಸಿ. ತೆರೆದ ಕೂಡಲೇನಾ? ಒಂದೇ ಫೋಲ್ಡರಿನಲ್ಲಾ? ಟೈಪ್ ಮಾಡುವಾಗಲಾ? ಸಂಜೆ ಹೊತ್ತಿಗಾ? ಚೀಟಿಯ ಮೇಲೆ ಗುರುತು ಹಾಕಿಕೊಳ್ಳಿ. ಆ ಗಳಿಗೆಯೇ ಅರ್ಧ ಉತ್ತರ ಹೇಳಿಬಿಡುತ್ತದೆ.

ಕೈ ಹಾಕುವ ಮುಂಚೆ

ಸರ್ವರಿನಿಂದ ಮೇಲ್ ತರುವ ಬಗೆ ಎರಡು, ಐಮ್ಯಾಪ್ ಮತ್ತು ಪಾಪ್. ನಿಮ್ಮ ಖಾತೆ ಯಾವುದರದು ನೋಡಿಕೊಳ್ಳಿ. ‘ಅಕೌಂಟ್ ಸೆಟ್ಟಿಂಗ್ಸ್’ನಲ್ಲಿ ‘ಸರ್ವರ್ ಸೆಟ್ಟಿಂಗ್ಸ್’ ಒತ್ತಿದರೆ ಮೇಲ್ಗಡೆಯೇ ಬರೆದಿರುತ್ತದೆ. ಐಮ್ಯಾಪ್ ಆದರೆ ಮೇಲ್‌ನ ಮೂಲ ಸರ್ವರಿನಲ್ಲಿ ಇರುತ್ತದೆ, ನಿಮ್ಮ ಕಂಪ್ಯೂಟರಿನದು ಪ್ರತಿ ಮಾತ್ರ. ಪಾಪ್ ಆದರೆ ಎಷ್ಟೋ ಸಲ ಇರುವುದೇ ಒಂದು ಪ್ರತಿ, ಅದೂ ನಿಮ್ಮ ಡಿಸ್ಕಿನಲ್ಲಿ. ಐಮ್ಯಾಪ್‌ನಲ್ಲೂ ‘ಲೋಕಲ್ ಫೋಲ್ಡರ್ಸ್’ಗೆ ಎಳೆದು ಹಾಕಿದ ಮೇಲ್‌ಗೆ ಇದೇ ಗತಿ. ಅದು ಕಳೆದರೆ ಕಳೆದ ಹಾಗೆಯೇ.

ಆದ್ದರಿಂದ ಮೊದಲು ಬ್ಯಾಕಪ್. ‘ಹೆಲ್ಪ್’ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ತೆರೆಯಿರಿ. ಅಲ್ಲಿ ‘ಪ್ರೊಫೈಲ್ ಫೋಲ್ಡರ್’ ಎಂಬ ಸಾಲಿನ ಪಕ್ಕದ ಬಟನ್ ಒತ್ತಿದರೆ ಫೋಲ್ಡರ್ ತೆರೆಯುತ್ತದೆ. ಥಂಡರ್‌ಬರ್ಡ್ ಪೂರ್ತಿ ಮುಚ್ಚಿ, ಆ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಪ್ರೋಗ್ರಾಂ ತೆರೆದಿರುವಾಗ ಮಾಡಿದ ಕಾಪಿಯನ್ನು ನಂಬಬೇಡಿ.

ಮೆಮೊರಿ ಜಾಸ್ತಿ ಕಾಣಿಸುತ್ತದೆ, ಆದರೆ ಕೆಲಸಕ್ಕೆ ತೊಂದರೆ ಇಲ್ಲ

ಹಾಗಿದ್ದರೆ ಬಿಟ್ಟುಬಿಡಿ. ಇದು ರೋಗವಲ್ಲ. ತೆರೆದ ಫೋಲ್ಡರುಗಳ ಪಟ್ಟಿ, ನೋಡಿದ ಮೇಲ್, ಚಿತ್ರಗಳನ್ನು ಪ್ರೋಗ್ರಾಂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಮತ್ತೆ ಕೇಳಿದಾಗ ಬೇಗ ಕೊಡಲಿ ಅಂತ. ಖಾಲಿ ಬಿದ್ದ ಮೆಮೊರಿಯಿಂದ ಯಾರಿಗೂ ಉಪಯೋಗವಿಲ್ಲ ಅಲ್ವಾ? ಮೂರು ನಾಲ್ಕು ಖಾತೆ, ಕ್ಯಾಲೆಂಡರ್ ಎಲ್ಲ ಇದ್ದರೆ ಕೆಲವು ನೂರು ಎಂಬಿ ಹಿಡಿಯುವುದು ಮಾಮೂಲು.

ನೋಡಬೇಕಾದದ್ದು ಬೇರೆ ಎರಡು ಸಂಗತಿ. ಒಂದು, ಬೆಳಿಗ್ಗೆ ಇದ್ದ ಅಂಕಿ ಏರುತ್ತಲೇ ಹೋಗುತ್ತದಾ, ಅಥವಾ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದಾ. ನಿಂತರೆ ಚಿಂತೆ ಇಲ್ಲ. ಎರಡು, ಇಡೀ ಕಂಪ್ಯೂಟರಿನ ಮೆಮೊರಿ ತುಂಬಿದೆಯಾ. ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಮೆಮೊರಿ ಶೇ. 90 ದಾಟಿ, ಜೊತೆಗೆ ಡಿಸ್ಕ್ ಸಹ ಬಿಡುವಿಲ್ಲದೆ ಓಡುತ್ತಿದ್ದರೆ, ಕಂಪ್ಯೂಟರು ಮೆಮೊರಿಯಲ್ಲಿ ಜಾಗ ಸಾಲದೆ ಡಿಸ್ಕಿಗೆ ಸಾಮಾನು ಸಾಗಿಸುತ್ತಿದೆ ಎಂದರ್ಥ. ಆಗ ಪಟ್ಟಿಯಲ್ಲಿ ಮೊದಲು ಯಾರಿದ್ದಾರೆ ನೋಡಿ. ಎಷ್ಟೋ ಸಲ ಅದು ನಲವತ್ತು ಟ್ಯಾಬ್ ತೆರೆದಿಟ್ಟ ಬ್ರೌಸರ್. ಬೈಸಿಕೊಳ್ಳುವುದು ಮಾತ್ರ ಇಮೇಲ್ ಪ್ರೋಗ್ರಾಂ.

ತೆರೆದ ಮೊದಲ ಹತ್ತು ನಿಮಿಷ ಮಾತ್ರ ನಿಧಾನ

ಹೊಸ ಖಾತೆ ಸೇರಿಸಿದ ದಿನ, ಹೊಸ ಕಂಪ್ಯೂಟರಿಗೆ ಬದಲಾದ ದಿನ, ಹತ್ತು ದಿನ ರಜೆ ಮುಗಿಸಿ ಬಂದ ದಿನ ಹೀಗಾದರೆ ಅದು ದೋಷವಲ್ಲ, ಕೆಲಸ ನಡೆಯುತ್ತಿದೆ. ಪ್ರೋಗ್ರಾಂ ಮೇಲ್ ಇಳಿಸಿಕೊಳ್ಳುತ್ತಿದೆ, ಹುಡುಕಾಟಕ್ಕೆ ಬೇಕಾದ ಸೂಚಿಯನ್ನೂ ಕಟ್ಟುತ್ತಿದೆ. ‘ಟೂಲ್ಸ್’ ಮೆನುವಿನ ‘ಆಕ್ಟಿವಿಟಿ ಮ್ಯಾನೇಜರ್’ ತೆರೆದರೆ ಈಗ ಏನು ನಡೆಯುತ್ತಿದೆ ಎಂದು ಸಾಲು ಸಾಲಾಗಿ ಕಾಣುತ್ತದೆ. ದೊಡ್ಡ ಖಾತೆಯಾದರೆ ಒಂದು ರಾತ್ರಿ ತೆರೆದಿಟ್ಟು ಮಲಗಿ. ಸ್ಲೀಪ್‌ಗೆ ಹೋಗದಂತೆ ಮಾತ್ರ ನೋಡಿಕೊಳ್ಳಿ.

ಪ್ರತಿದಿನವೂ ಅದೇ ಸೂಚಿ ಕಟ್ಟುವ ಕೆಲಸ ಮೊದಲಿನಿಂದ ಶುರುವಾಗುತ್ತಿದೆಯಾ? ಹುಡುಕಿದರೆ ಇರುವ ಮೇಲ್ ಸಿಗುತ್ತಿಲ್ಲವಾ? ಹಾಗಾದರೆ ಸೂಚಿಯ ಕಡತ ಕೆಟ್ಟಿರಬಹುದು. ಪ್ರೋಗ್ರಾಂ ಮುಚ್ಚಿ, ಪ್ರೊಫೈಲ್ ಫೋಲ್ಡರಿನಲ್ಲಿ ‘ಗ್ಲೋಬಲ್-ಮೆಸೇಜಸ್-ಡಿಬಿ’ (global-messages-db.sqlite) ಎಂಬ ಹೆಸರಿನ ಕಡತ ಹುಡುಕಿ, ಅದನ್ನು ಅಳಿಸಿ. ಇದರಲ್ಲಿ ನಿಮ್ಮ ಮೂಲ ಮೇಲ್ ಇಲ್ಲ, ಹುಡುಕಾಟದ ಸೂಚಿ ಮಾತ್ರ. ಮತ್ತೆ ತೆರೆದಾಗ ಹೊಸದು ಕಟ್ಟಿಕೊಳ್ಳುತ್ತದೆ. ಆ ಹೊತ್ತು ನಿಧಾನವಾಗಿಯೇ ಇರುತ್ತದೆ, ಗಾಬರಿ ಬೇಡ. ಎಲ್ಲ ಖಾತೆಯನ್ನೂ ಒಟ್ಟಿಗೆ ಹುಡುಕುವ ಅಭ್ಯಾಸವೇ ಇಲ್ಲದವರು ‘ಸೆಟ್ಟಿಂಗ್ಸ್’ನ ‘ಜನರಲ್’ ಪುಟದಲ್ಲಿ ಗ್ಲೋಬಲ್ ಸರ್ಚ್ ಮುಂದಿನ ಟಿಕ್ ತೆಗೆದರೂ ಆಯಿತು. ಹಳೇ ಕಂಪ್ಯೂಟರಿನಲ್ಲಿ ಇದೊಂದರಿಂದಲೇ ಉಸಿರಾಟ ಸಲೀಸಾಗಿದ್ದನ್ನು ನೋಡಿದ್ದೇನೆ.

ಒಂದೇ ಫೋಲ್ಡರ್ ತೆರೆದಾಗ ನಿಂತುಬಿಡುತ್ತದೆ

ಉಳಿದ ಫೋಲ್ಡರುಗಳು ಚುರುಕು, ಇನ್‌ಬಾಕ್ಸ್ ಒತ್ತಿದರೆ ಮಾತ್ರ ಗರ ಬಡಿದ ಹಾಗೆ. ನನ್ನ ಅನುಭವದಲ್ಲಿ ಜನ ಅತಿ ಹೆಚ್ಚು ಒದ್ದಾಡುವುದು ಇದರಲ್ಲೇ. ಕಾರಣ ಗೊತ್ತಾದರೆ ಸರಿಮಾಡುವುದು ಸುಲಭ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಮೇಲ್‌ಗಳನ್ನೆಲ್ಲ ಒಂದೇ ಕಡತದಲ್ಲಿ ಒಂದರ ಹಿಂದೆ ಒಂದು ಬರೆಯುತ್ತದೆ. ಇದಕ್ಕೆ ಎಂಬಾಕ್ಸ್ ಎನ್ನುತ್ತಾರೆ. ಪಕ್ಕದಲ್ಲಿ ಅದೇ ಹೆಸರಿನ, ಕೊನೆಗೆ ‘ಎಂಎಸ್‌ಎಫ್’ (.msf) ಎಂದಿರುವ ಸಣ್ಣ ಕಡತ ಇರುತ್ತದೆ. ಯಾವ ಮೇಲ್ ಎಲ್ಲಿದೆ, ಓದಿದ್ದಾ ಇಲ್ಲವಾ ಎಂಬ ಪಟ್ಟಿ ಅದರಲ್ಲಿದೆ. ಈಗ ಮುಖ್ಯ ವಿಷಯ. ನೀವು ಒಂದು ಮೇಲ್ ಅಳಿಸಿದಾಗ ದೊಡ್ಡ ಕಡತದಿಂದ ಅದು ಹೋಗುವುದಿಲ್ಲ. ‘ಅಳಿಸಿದೆ’ ಎಂದು ಗುರುತು ಬೀಳುತ್ತದೆ ಅಷ್ಟೇ. ಬೇರೆ ಫೋಲ್ಡರಿಗೆ ಸರಿಸಿದರೂ ಹಳೆಯ ಜಾಗದಲ್ಲಿ ಅದರ ಹೆಣ ಬಿದ್ದಿರುತ್ತದೆ. ಅದನ್ನು ನಿಜವಾಗಿ ಗುಡಿಸಿ ಹಾಕುವ ಕೆಲಸದ ಹೆಸರು ‘ಕಾಂಪ್ಯಾಕ್ಟ್’.

ನನ್ನದೇ ಕಥೆ. ಒಂದು ಭಾನುವಾರ ಕೂತು ಸಾವಿರಾರು ಜಾಹೀರಾತು ಮೇಲ್ ಅಳಿಸಿದೆ. ಕಣ್ಣಿಗೆ ಇನ್‌ಬಾಕ್ಸ್ ಲಕಲಕ ಹೊಳೆಯಿತು. ವೇಗ ಮಾತ್ರ ಒಂಚೂರೂ ಬದಲಾಗಲಿಲ್ಲ. ಪ್ರೊಫೈಲ್ ಫೋಲ್ಡರಿಗೆ ಹೋಗಿ ನೋಡಿದರೆ ಇನ್‌ಬಾಕ್ಸ್ ಕಡತ ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಮನೆ ಗುಡಿಸಿ ಕಸವನ್ನೆಲ್ಲ ಚಾಪೆ ಕೆಳಗೆ ತಳ್ಳಿದ್ದೆ.

ಮಾಡುವ ಕ್ರಮ ಹೀಗೆ. ಮೊದಲು ‘ಟ್ರ್ಯಾಶ್’ ಮತ್ತು ‘ಜಂಕ್’ ಖಾಲಿ ಮಾಡಿ. ಆಮೇಲೆ ಫೋಲ್ಡರಿನ ಮೇಲೆ ಬಲ ಕ್ಲಿಕ್ ಒತ್ತಿ ‘ಕಾಂಪ್ಯಾಕ್ಟ್’ ಆರಿಸಿ. ಅದಕ್ಕಿಂತ ಮುಂಚೆ ಡಿಸ್ಕಿನಲ್ಲಿ ಆ ಫೋಲ್ಡರಿನ ಕಡತದಷ್ಟಾದರೂ ಖಾಲಿ ಜಾಗ ಇದೆಯಾ ನೋಡಿ, ಯಾಕೆಂದರೆ ಕಾಂಪ್ಯಾಕ್ಟ್ ಮಾಡುವಾಗ ಪ್ರೋಗ್ರಾಂ ಹೊಸ ಕಡತ ಬರೆದು ಆಮೇಲೆ ಹಳೆಯದನ್ನು ತೆಗೆಯುತ್ತದೆ. ನಡುವೆ ಕಿಟಕಿ ಬೆಳ್ಳಗಾದರೂ ಟಾಸ್ಕ್ ಮ್ಯಾನೇಜರಿನಿಂದ ಕೊಲ್ಲಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಶುರು ಮಾಡಿ. ಅರ್ಧದಲ್ಲಿ ನಿಂತ ಕಾಂಪ್ಯಾಕ್ಟ್ ಫೋಲ್ಡರನ್ನು ಕೆಡಿಸಬಹುದು. ಇನ್ನೊಂದು ಎಚ್ಚರಿಕೆ: ಕಾಂಪ್ಯಾಕ್ಟ್ ಆದಮೇಲೆ, ಅಳಿಸಿದ ಮೇಲ್ ಆ ಕಡತದಿಂದ ಮತ್ತೆ ಎತ್ತಲು ಬರುವುದಿಲ್ಲ.

ಇಷ್ಟಾದರೂ ಫೋಲ್ಡರ್ ನಿಲ್ಲುತ್ತಿದ್ದರೆ, ಅಥವಾ ಪಟ್ಟಿಯಲ್ಲಿ ಒಂದು ಮೇಲ್ ಒತ್ತಿದರೆ ಇನ್ನೊಂದು ತೆರೆಯುತ್ತಿದ್ದರೆ, ಇಲ್ಲವೇ ಖಾಲಿ ಪುಟ ಬರುತ್ತಿದ್ದರೆ, ಎಂಎಸ್‌ಎಫ್ ಪಟ್ಟಿ ಕೆಟ್ಟಿದೆ. ಫೋಲ್ಡರಿನ ‘ಪ್ರಾಪರ್ಟೀಸ್’ಗೆ ಹೋಗಿ ‘ರಿಪೇರ್ ಫೋಲ್ಡರ್’ ಒತ್ತಿ. ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ. ಐಮ್ಯಾಪ್‌ನಲ್ಲಿ ಮೇಲ್ ಮತ್ತೆ ಇಳಿಯಲು ಶುರುವಾಗಬಹುದು, ಹಾಗಾಗಿ ಒಂದೊಂದೇ ಫೋಲ್ಡರ್ ಮಾಡಿ. ಕೆಲವರು ಪ್ರೋಗ್ರಾಂ ಮುಚ್ಚಿ ಎಂಎಸ್‌ಎಫ್ ಕಡತವನ್ನು ಕೈಯಾರೆ ಅಳಿಸುತ್ತಾರೆ. ಅದೂ ನಡೆಯುತ್ತದೆ. ಆದರೆ ಪಕ್ಕದ, ಬಾಲವಿಲ್ಲದ ಹೆಸರಿನ ಕಡತವನ್ನು ಮುಟ್ಟಬೇಡಿ. ಮೇಲ್ ಇರುವುದೇ ಅದರಲ್ಲಿ! ‘ಇನ್‌ಬಾಕ್ಸ್’ ಎಂದಷ್ಟೇ ಇರುವ ಆ ಕಡತ ಏನೋ ಬೇಡದ್ದು ಎಂದುಕೊಂಡು ಅಳಿಸಿ, ಪಾಪ್ ಖಾತೆಯ ಮೇಲ್ ಪೂರ್ತಿ ಕಳೆದುಕೊಂಡವರಿದ್ದಾರೆ.

ಕಡತ ಚಿಕ್ಕದಾದ ಮೇಲೂ ಇನ್‌ಬಾಕ್ಸ್‌ನಲ್ಲಿ ನಿಜವಾಗಿಯೇ ಲಕ್ಷದ ಹತ್ತಿರ ಮೇಲ್ ಉಳಿದಿದ್ದರೆ ವರ್ಷಕ್ಕೊಂದು ಫೋಲ್ಡರ್ ಮಾಡಿ ಹಂಚಿ. ಒಂದು ಸಲಕ್ಕೆ ಕೆಲವು ನೂರು ಮೇಲ್ ಮಾತ್ರ ಸರಿಸಿ. ಎಲ್ಲವನ್ನೂ ಒಟ್ಟಿಗೆ ಎಳೆದರೆ ಹೊಸ ತಲೆನೋವು. ಸರಿಸಿದ ಮೇಲೆ ಮತ್ತೆ ಕಾಂಪ್ಯಾಕ್ಟ್, ಮರೆಯಬೇಡಿ. ದೊಡ್ಡ ಅಟ್ಯಾಚ್‌ಮೆಂಟುಗಳ ಕಡೆಯೂ ಕಣ್ಣಿಡಿ. ಅವು ಮೇಲ್‌ನಲ್ಲಿ ಅಕ್ಷರಗಳ ರೂಪಕ್ಕೆ ಬದಲಾಗಿ ಕೂರುವುದರಿಂದ 15 ಎಂಬಿ ಫೈಲ್ ಸುಮಾರು 20 ಎಂಬಿ ಆಗಿರುತ್ತದೆ. ಗಾತ್ರದ ಕಾಲಂ ಮೇಲೆ ಒತ್ತಿ ಜೋಡಿಸಿದರೆ ದಪ್ಪನೆಯವು ಮೇಲೆ ಬರುತ್ತವೆ.

ಕೆಲವು ನಿಮಿಷಕ್ಕೊಮ್ಮೆ ತಪ್ಪದೆ ನಿಲ್ಲುತ್ತದೆ

ಗಡಿಯಾರ ಇಟ್ಟುಕೊಂಡು ನೋಡಿ. ಸರಿಯಾಗಿ ಹತ್ತು ನಿಮಿಷಕ್ಕೊಮ್ಮೆ ಆದರೆ ಅದು ಹೊಸ ಮೇಲ್ ತರುವ ಹೊತ್ತು. ಅಗ್ಗದ ಪರೀಕ್ಷೆ ಒಂದಿದೆ: ‘ಫೈಲ್’ ಮೆನುವಿನ ‘ಆಫ್‌ಲೈನ್’ನಲ್ಲಿ ‘ವರ್ಕ್ ಆಫ್‌ಲೈನ್’ ಆರಿಸಿ ಅರ್ಧ ಗಂಟೆ ಹಳೆಯ ಮೇಲ್ ಓದಿ. ಆಗ ಚೆನ್ನಾಗಿ ಓಡಿದರೆ ತೊಂದರೆ ಸರ್ವರ್, ಇಂಟರ್ನೆಟ್ ಅಥವಾ ಆ್ಯಂಟಿವೈರಸ್ ಕಡೆಯದು. ಆಗಲೂ ನಿಂತರೆ ನಿಮ್ಮ ಡಿಸ್ಕ್ ಅಥವಾ ಪ್ರೊಫೈಲ್ ಕಡೆಯದು.

ಮೂವರಲ್ಲಿ ನನ್ನ ಮೊದಲ ಅನುಮಾನ ಆ್ಯಂಟಿವೈರಸ್ ಮೇಲೆ. ಹೊಸ ಮೇಲ್ ಒಂದು ಬಂದರೂ ಇನ್‌ಬಾಕ್ಸ್ ಕಡತ ಬದಲಾಗುತ್ತದೆ ತಾನೇ? ‘ಕಡತ ಬದಲಾಯಿತು’ ಎಂದು ಆ್ಯಂಟಿವೈರಸ್ ಮೂರು ನಾಲ್ಕು ಜಿಬಿ ಕಡತವನ್ನು ಮೊದಲಿನಿಂದ ಜಾಲಾಡಲು ಕೂರಬಹುದು. ಪ್ರೋಗ್ರಾಂ ಕಾಯುತ್ತಾ ನಿಲ್ಲುತ್ತದೆ. ಪರೀಕ್ಷೆಗೆ, ಪ್ರೊಫೈಲ್ ಫೋಲ್ಡರನ್ನು ಆ್ಯಂಟಿವೈರಸ್‌ನ ‘ಎಕ್ಸ್‌ಕ್ಲೂಷನ್’ ಪಟ್ಟಿಗೆ ಸೇರಿಸಿ ಒಂದು ದಿನ ನೋಡಿ. ಆ್ಯಂಟಿವೈರಸ್ಸನ್ನೇ ಪೂರ್ತಿ ಆಫ್ ಮಾಡಬೇಡಿ. ಹೊರಗಿಟ್ಟ ಫೋಲ್ಡರಿನೊಳಗೆ ಕೆಟ್ಟ ಅಟ್ಯಾಚ್‌ಮೆಂಟ್ ಇದ್ದರೆ ಅದು ಅಲ್ಲಿ ಸಿಕ್ಕಿಬೀಳುವುದಿಲ್ಲ. ನೀವು ತೆರೆಯುವಾಗ ಅಥವಾ ಬೇರೆಡೆ ಸೇವ್ ಮಾಡುವಾಗ ಹಿಡಿಯಬೇಕು. ಆದ್ದರಿಂದ ಗೊತ್ತಿಲ್ಲದವರ ಅಟ್ಯಾಚ್‌ಮೆಂಟ್ ಮುಟ್ಟದ ಅಭ್ಯಾಸ ಬೇಕೇ ಬೇಕು. ಆಫೀಸಿನ ಕಂಪ್ಯೂಟರ್ ಆದರೆ ಈ ಪಟ್ಟಿಗೆ ನೀವೇ ಕೈ ಹಾಕಬೇಡಿ, ಐಟಿಯವರನ್ನು ಕೇಳಿ.

ಜಿಮೇಲ್ ಬಳಸುವವರಿಗೆ ಇನ್ನೊಂದು. ಒಂದು ಖಾತೆಗೆ ಏಕಕಾಲಕ್ಕೆ 15 ಐಮ್ಯಾಪ್ ಸಂಪರ್ಕ ಎಂಬ ಮಿತಿ ಅಲ್ಲಿದೆ. ಥಂಡರ್‌ಬರ್ಡ್ ಒಂದು ಖಾತೆಗೆ 5ರವರೆಗೆ ಹಿಡಿದಿಡುತ್ತದೆ. ಮನೆಯ ಕಂಪ್ಯೂಟರ್, ಲ್ಯಾಪ್‌ಟಾಪ್, ಆಫೀಸು, ಫೋನು ಎಲ್ಲ ಸೇರಿದರೆ ಮಿತಿ ಮುಟ್ಟಿ ‘ಸಂಪರ್ಕ ಜಾಸ್ತಿಯಾಯಿತು’ ಎಂಬ ದೂರು ಬರುತ್ತದೆ. ‘ಸರ್ವರ್ ಸೆಟ್ಟಿಂಗ್ಸ್’ನ ‘ಅಡ್ವಾನ್ಸ್ಡ್’ ಒಳಗೆ ಆ 5ನ್ನು 2 ಅಥವಾ 3 ಮಾಡಿ.

ಪ್ರೊಫೈಲ್ ಫೋಲ್ಡರ್ ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಥರದ ಜಾಗದಲ್ಲಿ ಕೂತಿದ್ದರೆ ಅಲ್ಲಿಂದ ಹೊರಗೆ ತನ್ನಿ. ಒಂದು ಕಡೆ ಇಮೇಲ್ ಪ್ರೋಗ್ರಾಂ ಬರೆಯುತ್ತದೆ, ಇನ್ನೊಂದು ಕಡೆ ಒನ್‌ಡ್ರೈವ್ ಇಡೀ ಕಡತವನ್ನು ಇಂಟರ್ನೆಟ್ಟಿಗೆ ಕಳಿಸಲು ನೋಡುತ್ತದೆ. ಜಗಳ ತಪ್ಪಿದ್ದಲ್ಲ. ನಿಧಾನ ಮಾತ್ರವಲ್ಲ, ಕಡತ ಕೆಡುವ ಅಪಾಯವೂ ಇದೆ.

ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತದೆ

ಹೊಸ ಖಾಲಿ ಮೇಲ್ ತೆರೆದು ಟೈಪ್ ಮಾಡಿ ನೋಡಿ. ಅಲ್ಲಿ ಚುರುಕಾಗಿದ್ದು, ಉತ್ತರ ಬರೆಯುವಾಗ ಮಾತ್ರ ತಡವಾದರೆ ಕೆಳಗೆ ನೇತಾಡುತ್ತಿರುವ ಹಳೆಯ ಮಾತುಕತೆಯ ರಾಶಿಯೇ ಕಾರಣ. ಐವತ್ತು ಸಲ ಹೋಗಿ ಬಂದ ಮೇಲ್‌ನಲ್ಲಿ ಪ್ರತಿಯೊಬ್ಬರ ಸಹಿ, ಲೋಗೋ, ಟೇಬಲ್ ಒಂದರೊಳಗೊಂದು ಗೂಡು ಕಟ್ಟಿರುತ್ತವೆ. ಕೊನೆಯ ಎರಡು ಬಿಟ್ಟು ಉಳಿದದ್ದನ್ನು ಅಳಿಸಿ. ಓದುವವರಿಗೂ ಪುಣ್ಯ.

ಖಾಲಿ ಮೇಲ್‌ನಲ್ಲೂ ತಡವಾದರೆ ಟೈಪ್ ಮಾಡುತ್ತಲೇ ಕಾಗುಣಿತ ನೋಡುವ ಆಯ್ಕೆ ತೆಗೆದು ನೋಡಿ. ಕೆಲವು ನಿಮಿಷಕ್ಕೊಮ್ಮೆ ಮಾತ್ರ ಬೆರಳು ಸಿಕ್ಕಿಹಾಕಿಕೊಂಡರೆ ಅದು ಡ್ರಾಫ್ಟ್ ತಾನಾಗಿಯೇ ಸೇವ್ ಆಗುವ ಹೊತ್ತು. ದೊಡ್ಡ ಅಟ್ಯಾಚ್‌ಮೆಂಟ್ ಇದ್ದರೆ ಪ್ರತಿ ಸಲವೂ ಅದು ಸರ್ವರಿಗೆ ಹೋಗುತ್ತದೆ. ಮೊದಲು ಬರೆದು ಮುಗಿಸಿ, ಅಟ್ಯಾಚ್‌ಮೆಂಟ್ ಕೊನೆಗೆ ಹಾಕಿದರೆ ಸಾಕು. ವಿಳಾಸದ ಜಾಗದಲ್ಲಿ ಮಾತ್ರ ತಡವರಿಸಿದರೆ ವಿಳಾಸ ಪುಸ್ತಕ ನೋಡಿ, ಅದರಲ್ಲೂ ಆಫೀಸಿನ ಸರ್ವರಿನಿಂದ ವಿಳಾಸ ತರುವ ವ್ಯವಸ್ಥೆ ಇದ್ದರೆ.

ಸ್ಕ್ರಾಲ್ ಮಾಡಿದರೆ ಪರದೆ ಚೂರುಚೂರು

‘ಸೆಟ್ಟಿಂಗ್ಸ್’ನ ‘ಜನರಲ್’ನಲ್ಲಿ ‘ಹಾರ್ಡ್‌ವೇರ್ ಆ್ಯಕ್ಸಲರೇಶನ್’ ಟಿಕ್ ತೆಗೆದು ಪ್ರೋಗ್ರಾಂ ಮತ್ತೆ ತೆರೆಯಿರಿ. ಸರಿಹೋದರೆ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ಮೂಡಿಸುವ ತಂತ್ರಾಂಶ) ಹಳೆಯದಾಗಿರಬಹುದು. ಅದನ್ನು ಅಪ್‌ಡೇಟ್ ಮಾಡಿ ಟಿಕ್ ವಾಪಸ್ ಹಾಕಿ.

ಬೆಳಿಗ್ಗೆ ಚೆನ್ನಾಗಿರುತ್ತದೆ, ಸಂಜೆಗೆ ಮೆಮೊರಿ ಬೆಟ್ಟ

ಏರುತ್ತಲೇ ಹೋಗುವ ಮೆಮೊರಿಗೆ ಮೊದಲ ಮದ್ದು ಮುಚ್ಚಿ ತೆರೆಯುವುದು. ನಗಬೇಡಿ. ದಿನಕ್ಕೊಮ್ಮೆ ಮುಚ್ಚಿ ತೆರೆದರೆ ಬದುಕು ನಡೆಯುತ್ತದೆ ಎಂದಾದರೆ ಅನೇಕರಿಗೆ ಅಷ್ಟೇ ಸಾಕು. ಪ್ರತಿ ಮೇಲ್ ಹೊಸ ಟ್ಯಾಬಿನಲ್ಲಿ ತೆರೆಯುವ ಅಭ್ಯಾಸವಿದ್ದರೆ ಟ್ಯಾಬ್ ಎಣಿಸಿ ನೋಡಿ, ಅಲ್ಲೇ ಉತ್ತರ ಸಿಗಬಹುದು.

ಮುಂದಿನದು ಆಡ್-ಆನ್. ‘ಹೆಲ್ಪ್’ ಮೆನುವಿನಿಂದ ‘ಟ್ರಬಲ್‌ಶೂಟ್ ಮೋಡ್’ಗೆ ಹೋಗಿ. ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿ ಹಿಡಿದು ಪ್ರೋಗ್ರಾಂ ತೆರೆದರೂ ಅಲ್ಲಿಗೇ ಹೋಗುತ್ತದೆ. ಈ ಮೋಡ್‌ನಲ್ಲಿ ಆಡ್-ಆನ್‌ಗಳು ನಿದ್ದೆ ಹೋಗುತ್ತವೆ, ಹಾರ್ಡ್‌ವೇರ್ ಆ್ಯಕ್ಸಲರೇಶನ್ ಕೂಡ ಆಫ್ ಆಗುತ್ತದೆ. ಅರ್ಧ ದಿನ ಹೀಗೇ ಕೆಲಸ ಮಾಡಿ. ಮೆಮೊರಿ ಸುಮ್ಮನಿದ್ದರೆ ಅನುಮಾನ ಈ ಎರಡರ ಮೇಲೆ. ಮಾಮೂಲು ಮೋಡ್‌ಗೆ ಬಂದು ಆಡ್-ಆನ್‌ಗಳಲ್ಲಿ ಅರ್ಧ ಆಫ್ ಮಾಡಿ ಒಂದು ದಿನ ನೋಡಿ. ಆಮೇಲೆ ಉಳಿದರ್ಧ. ಒಂದೊಂದೇ ತೆಗೆಯುವುದಕ್ಕಿಂತ ಹೀಗೆ ಬೇಗ ಸಿಕ್ಕಿಬೀಳುತ್ತದೆ. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಹಳೆಯ ಮಾದರಿಯ ಆಡ್-ಆನ್‌ಗಳಿಗೆ ಬೆಂಬಲ ನಿಂತಿದೆ. ‘ಅದೊಂದು ಆಡ್-ಆನ್ ಬೇಕು’ ಎಂದು ಅದಕ್ಕಿಂತ ಹಳೆಯ ಥಂಡರ್‌ಬರ್ಡ್‌ನಲ್ಲೇ ಉಳಿದವರಿದ್ದಾರೆ. ಅದು ಬೇಡ. ಹಳೆಯ ಆವೃತ್ತಿಗೆ ಭದ್ರತೆಯ ತೇಪೆಗಳೂ ಬರುವುದಿಲ್ಲ.

ಆಡ್-ಆನ್ ತಪ್ಪಿಲ್ಲವಾದರೆ ಎಷ್ಟು ಮೇಲ್ ಕಂಪ್ಯೂಟರಿಗೆ ಇಳಿಸುತ್ತಿದ್ದೀರಿ ನೋಡಿ. ಜಿಮೇಲ್‌ನ ‘ಆಲ್ ಮೇಲ್’ ಫೋಲ್ಡರ್ ಇನ್‌ಬಾಕ್ಸ್ ಮತ್ತು ಲೇಬಲ್‌ಗಳಲ್ಲಿ ಇರುವ ಮೇಲ್‌ಗಳನ್ನೇ ಮತ್ತೆ ತೋರಿಸುತ್ತದೆ. ಸಂಗ್ರಹವಾಗಿ ಅದು ಬೇಡವಾದರೆ ಖಾತೆಯ ಮೇಲೆ ಬಲ ಕ್ಲಿಕ್ ಒತ್ತಿ ‘ಸಬ್‌ಸ್ಕ್ರೈಬ್’ ಪಟ್ಟಿಯಲ್ಲಿ ಅದರ ಟಿಕ್ ತೆಗೆಯಿರಿ. ಅದರೊಳಗಿನ ಮೇಲ್ ಅಳಿಸಲು ಹೋಗಬೇಡಿ, ಇನ್‌ಬಾಕ್ಸಿನಿಂದಲೂ ಮಾಯವಾಗುತ್ತದೆ. ‘ಸಿಂಕ್ರನೈಸೇಶನ್ ಅಂಡ್ ಸ್ಟೋರೇಜ್’ನಲ್ಲಿ ಇತ್ತೀಚಿನ ಇಷ್ಟು ದಿನದ ಮೇಲ್ ಮಾತ್ರ ಸಾಕು ಎಂದು ಹೇಳುವ ಆಯ್ಕೆಯೂ ಇದೆ. ಅದೇ ಪುಟದಲ್ಲಿ ಹಳೆಯ ಮೇಲ್ ಅಳಿಸುವ ಆಯ್ಕೆಯೂ ಇದೆ, ಅದು ಸರ್ವರಿನಿಂದಲೇ ತೆಗೆಯುತ್ತದೆ. ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ.

ಇಷ್ಟಕ್ಕೂ ಬಗ್ಗದಿದ್ದರೆ ಹೊಸ ಪ್ರೊಫೈಲ್. ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ಪುಟದಲ್ಲೇ ‘ಅಬೌಟ್ ಪ್ರೊಫೈಲ್ಸ್’ಗೆ ದಾರಿ ಇದೆ. ಅಲ್ಲಿ ಹೊಸದೊಂದು ಮಾಡಿ, ಒಂದೇ ಐಮ್ಯಾಪ್ ಖಾತೆ ಸೇರಿಸಿ ಎರಡು ದಿನ ಬಳಸಿ. ಚುರುಕಾಗಿದ್ದರೆ ಹಳೆಯ ಪ್ರೊಫೈಲೇ ಕೆಟ್ಟಿದೆ. ಹಾಗಂತ ಹಳೆಯದನ್ನು ಕೂಡಲೇ ಅಳಿಸಬೇಡಿ, ತಿಂಗಳಾದರೂ ಇರಲಿ.

ಔಟ್‌ಲುಕ್ ಆದರೆ

ಇಲ್ಲಿ ಹೇಳುವುದು ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್‌ಗೆ. ಮೊದಲು ಸೇಫ್ ಮೋಡ್: ಕಂಟ್ರೋಲ್ ಕೀಲಿ ಒತ್ತಿ ಹಿಡಿದು ತೆರೆಯಿರಿ. ಅಲ್ಲಿ ಚುರುಕಾದರೆ ‘ಕಾಮ್ ಆಡ್-ಇನ್ಸ್’ ಪಟ್ಟಿಯಲ್ಲಿ ಬೇಡದ್ದನ್ನು ತೆಗೆಯಿರಿ. ಇಲ್ಲಿ ಮೇಲ್ ಇರುವುದು ಪಿಎಸ್‌ಟಿ ಅಥವಾ ಒಎಸ್‌ಟಿ ಕಡತದಲ್ಲಿ. 2010ರ ಆವೃತ್ತಿಯಿಂದೀಚೆಗೆ ಇದರ ಮಿತಿ ಸಾಮಾನ್ಯವಾಗಿ 50 ಜಿಬಿ. ಮಿತಿ ಮುಟ್ಟುವುದಕ್ಕಿಂತ ಎಷ್ಟೋ ಮೊದಲೇ ತೆವಳಲು ಶುರುವಾಗುತ್ತದೆ. ಡೇಟಾ ಫೈಲ್ ಸೆಟ್ಟಿಂಗ್‌ನಲ್ಲಿ ‘ಕಾಂಪ್ಯಾಕ್ಟ್ ನೌ’ ಇದೆ. ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್) ಖಾತೆಯಾದರೆ ಎಷ್ಟು ತಿಂಗಳ ಮೇಲ್ ಆಫ್‌ಲೈನ್ ಇಡಬೇಕು ಎಂಬ ಸ್ಲೈಡರನ್ನು ಕಡಿಮೆ ಮಾಡಿ. ಪಿಎಸ್‌ಟಿ ಕೆಟ್ಟಿದೆ ಎನಿಸಿದರೆ ‘ಸ್ಕ್ಯಾನ್‌ಪಿಎಸ್‌ಟಿ’ ಎಂಬ ಸಲಕರಣೆ ಜೊತೆಗೇ ಬಂದಿರುತ್ತದೆ. ಕಡತದ ಕಾಪಿ ಮಾಡಿಕೊಳ್ಳದೆ ಅದನ್ನು ಓಡಿಸಬೇಡಿ.

ಯಾವಾಗ ಕೈ ತೆಗೆಯಬೇಕು

ಫೈಲ್ ಕಾಪಿ ಮಾಡುವಾಗ ಓದಲಾಗುತ್ತಿಲ್ಲ ಎಂಬ ದೋಷ ಬಂದರೆ, ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿದರೆ, ಬೇರೆ ಪ್ರೋಗ್ರಾಂಗಳೂ ಹೀಗೇ ನಿಲ್ಲುತ್ತಿದ್ದರೆ, ಅಲ್ಲಿಗೇ ನಿಲ್ಲಿಸಿ. ಇದು ಇಮೇಲ್ ಸಮಸ್ಯೆಯಲ್ಲ, ಡಿಸ್ಕ್ ಸಾಯುತ್ತಿರುವ ಲಕ್ಷಣ ಇರಬಹುದು. ಕಾಂಪ್ಯಾಕ್ಟ್, ರಿಪೇರ್ ಯಾವುದನ್ನೂ ಮಾಡಬೇಡಿ. ಅವು ಜಿಬಿಗಟ್ಟಲೆ ಓದಿ ಬರೆಯುವ ಕೆಲಸಗಳು, ಸಾಯುವ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾಗಬಹುದು. ಟಕ್ ಟಕ್ ಸದ್ದು ಇದ್ದರೆ ಕಂಪ್ಯೂಟರ್ ಆಫ್ ಮಾಡಿ, ಡೇಟಾ ತೆಗೆದುಕೊಡುವವರ ಹತ್ತಿರ ಒಯ್ಯಿರಿ. ಸದ್ದಿಲ್ಲದೆ ಬರೀ ದೋಷ ಬರುತ್ತಿದ್ದರೆ ಬೇಕಾದ್ದನ್ನು ಮೊದಲು ಹೊರಗೆ ಕಾಪಿ ಮಾಡಿಕೊಳ್ಳಿ.

ಪಾಪ್ ಖಾತೆಯ ಫೋಲ್ಡರ್ ಇದ್ದಕ್ಕಿದ್ದಂತೆ ಖಾಲಿ ಕಂಡರೂ ಹಾಗೆಯೇ. ಪ್ರೋಗ್ರಾಂ ಮುಚ್ಚಿ, ಪ್ರೊಫೈಲಿನಲ್ಲಿ ಇನ್‌ಬಾಕ್ಸ್ ಕಡತದ ಗಾತ್ರ ನೋಡಿ. ಗಾತ್ರ ದೊಡ್ಡದಾಗಿಯೇ ಇದ್ದರೆ ಮೇಲ್ ಒಳಗಿರುವ ಸಾಧ್ಯತೆ ಜಾಸ್ತಿ, ಪಟ್ಟಿ ಮಾತ್ರ ಕೆಟ್ಟಿರಬಹುದು. ಕಾಪಿ ಮಾಡಿಟ್ಟುಕೊಂಡು ರಿಪೇರ್ ಮಾಡಿ. ಸೊನ್ನೆಗೆ ಇಳಿದಿದ್ದರೆ ಆ ಡಿಸ್ಕಿಗೆ ಮತ್ತೇನನ್ನೂ ಬರೆಯದೆ ತಿಳಿದವರನ್ನು ಕರೆಯಿರಿ. ಅವರು ಬಂದಾಗ ನಿಮ್ಮ ಆ ಚೀಟಿ ಕೊಡಿ: ಯಾವ ಆವೃತ್ತಿ, ಯಾವ ಗಳಿಗೆಯಲ್ಲಿ ನಿಂತಿತು, ಕಡತ ಎಷ್ಟು ದೊಡ್ಡದಿತ್ತು, ಏನೇನು ಮಾಡಿ ನೋಡಿದಿರಿ.